ಮಿದುಳಿನಿಂದ ಪ್ರೇರಿತವಾದ ಮಿತಶಕ್ತಿ ಗಣಕಗಳ ಸಂಶೋಧನೆ: ಚಿಪ್ ಗುಂಪನ್ನು ಸೇರಲೇ, ಅಲ್ಗಾರಿದಮ್ ಗುಂಪನ್ನು ಸೇರಲೇ?

ಪ್ರಶ್ನೆ
ಬರೆದವರು: ಮಿತವಿದ್ಯುತ್

ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ಸ್ನಾತಕೋತ್ತರ ಪದವಿಯನ್ನು ಮುಗಿಸುವ ಹಂತದಲ್ಲಿದ್ದೇನೆ. ಮಿದುಳು ಕೆಲಸ ಮಾಡುವ ಬಗೆಯನ್ನು ಆಧಾರವಾಗಿಟ್ಟುಕೊಂಡು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಗಣಕಗಳನ್ನು ಕಟ್ಟುವ ನ್ಯೂರೋಮಾರ್ಫಿಕ್ ಕ್ಷೇತ್ರದಲ್ಲಿ ಪಿಎಚ್.ಡಿ. ಮಾಡಿ, ಮುಂದೆ ವಿಶ್ವವಿದ್ಯಾಲಯದಲ್ಲಿಯೇ ಸಂಶೋಧಕನಾಗಿ ಉಳಿಯಬೇಕೆಂಬ ಆಸೆ ನನ್ನದು. ಎರಡು ಗುಂಪುಗಳು ನನ್ನನ್ನು ಸೇರಿಸಿಕೊಳ್ಳಲು ಒಪ್ಪಿವೆ. ಒಂದು ಗುಂಪು ಅನಲಾಗ್ ಸರ್ಕ್ಯೂಟ್‌ಗಳಲ್ಲಿ ನರಕೋಶಗಳನ್ನೂ ಅವುಗಳ ನಡುವಿನ ಕೊಂಡಿಗಳಾದ ಸಿನಾಪ್ಸ್‌ಗಳನ್ನೂ ಕಟ್ಟಿ ಚಿಪ್ ಮಾಡಿಸುತ್ತದೆ. ಇನ್ನೊಂದು ಗುಂಪು ಚಿಪ್ಪಿನ ತಂಟೆಗೆ ಹೋಗದೆ, ನರಕೋಶಗಳಂತೆ ಸ್ಪೈಕ್ ಎಂಬ ಕ್ಷಣಿಕ ಮಿಡಿತಗಳಲ್ಲಿ ಸುದ್ದಿ ಕಳಿಸುವ ಸ್ಪೈಕಿಂಗ್ ನರಜಾಲಗಳಿಗೆ ತರಬೇತಿ ಕೊಡುವ ಅಲ್ಗಾರಿದಮ್‌ಗಳ ಮೇಲೆ ಕೆಲಸ ಮಾಡುತ್ತದೆ.

ಸುಮಾರು 8,600 ಕೋಟಿ ನರಕೋಶಗಳಿರುವ ಮನುಷ್ಯನ ಮಿದುಳು ಸುಮಾರು 20 ವ್ಯಾಟ್‌ನಲ್ಲಿ ನಡೆಯುತ್ತದೆ ಎಂಬ ಮಾತು ಈ ಕ್ಷೇತ್ರದ ಬಹುಪಾಲು ಪ್ರಬಂಧಗಳ ಮೊದಲ ಪುಟದಲ್ಲಿಯೇ ಸಿಗುತ್ತದೆ. 2014ರಲ್ಲಿ ಐಬಿಎಂ ಪ್ರಕಟಿಸಿದ ಟ್ರೂನಾರ್ತ್ ಚಿಪ್ 10 ಲಕ್ಷ ನರಕೋಶಗಳನ್ನು ಸುಮಾರು 70 ಮಿಲಿವ್ಯಾಟ್‌ನಲ್ಲಿ ನಡೆಸಿತು. ಇಂಟೆಲ್‌ನ ಲೋಯಿಹಿ 2 ಚಿಪ್‌ಗಳನ್ನು ಜೋಡಿಸಿ 2024ರಲ್ಲಿ ಕಟ್ಟಿದ ಹಾಲಾ ಪಾಯಿಂಟ್ ವ್ಯವಸ್ಥೆಯಲ್ಲಿ 115 ಕೋಟಿ ನರಕೋಶಗಳಿವೆ. ಇಷ್ಟೆಲ್ಲ ಆದ ಮೇಲೂ ನಿತ್ಯದ ಯಂತ್ರಕಲಿಕೆಯ ಕೆಲಸದ ಬಹುಪಾಲು ಜಿಪಿಯು ಎಂಬ ಸಮಾನಾಂತರ ಗಣನೆಯ ಚಿಪ್‌ಗಳ ಮೇಲೆಯೇ ನಡೆಯುತ್ತಿರುವುದನ್ನು ಕಂಡಾಗ, ಈ ಕ್ಷೇತ್ರವನ್ನು ನಂಬಿ ಇಡೀ ವೃತ್ತಿಜೀವನವನ್ನು ಕಟ್ಟಿಕೊಳ್ಳಬಹುದೇ ಎಂಬ ಅನುಮಾನ ಬರುತ್ತದೆ. ಶಕ್ತಿಯ ಉಳಿತಾಯ ನಿಜವೇ? ಎರಡು ಗುಂಪುಗಳಲ್ಲಿ ಯಾವುದು ದೀರ್ಘಕಾಲದ ದೃಷ್ಟಿಯಿಂದ ಉತ್ತಮ? ಈ ದಾರಿಯಲ್ಲಿ ನಡೆದು ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ
ಬರೆದವರು: ಅನಲಾಗ್ ಅಭ್ಯಾಸಿ

ನಾನು ಚಿಪ್ ಮಾಡಿಸುವ ಗುಂಪಿನವನು, ಈಗ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತಿದ್ದೇನೆ. ಆದ್ದರಿಂದ ನನ್ನ ಮಾತಿನಲ್ಲಿ ಆ ಕಡೆಯ ಒಲವು ಇರುತ್ತದೆಂದು ತಿಳಿದುಕೊಂಡೇ ಓದಿ.

ಮೊದಲು ಕಾಲದ ಅಳತೆಯನ್ನು ಗಮನಿಸಬೇಕು. 1980ರ ದಶಕದ ಕೊನೆಯಲ್ಲಿ ಕ್ಯಾಲ್‌ಟೆಕ್‌ನ ಕಾರ್ವರ್ ಮೀಡ್ ಈ ಕ್ಷೇತ್ರಕ್ಕೆ ಹೆಸರನ್ನೂ ಅಡಿಪಾಯವನ್ನೂ ಕೊಟ್ಟರು. ಟ್ರಾನ್ಸಿಸ್ಟರನ್ನು ಅದು ಆನ್ ಆಗುವ ಥ್ರೆಶೋಲ್ಡ್ ವೋಲ್ಟೇಜಿಗಿಂತ ಕೆಳಗೆ ನಡೆಸಿದಾಗ ಹರಿಯುವ ಅತಿ ಸಣ್ಣ ಕರೆಂಟ್ ಗೇಟ್ ವೋಲ್ಟೇಜಿನೊಂದಿಗೆ ಘಾತೀಯವಾಗಿ ಬದಲಾಗುತ್ತದೆ, ನರಕೋಶದ ಪೊರೆಯಲ್ಲಿರುವ ಅಯಾನು ನಾಳಗಳ ವರ್ತನೆಯಲ್ಲೂ ಇದೇ ಬಗೆಯ ಘಾತೀಯ ಸಂಬಂಧವಿದೆ ಎಂಬುದು ಅವರ ಮೂಲ ಒಳನೋಟ. ಸೊನ್ನೆ ಒಂದುಗಳ ಲೆಕ್ಕದಿಂದ ಅನುಕರಿಸುವ ಬದಲು ಸಾಧನದ ಭೌತಶಾಸ್ತ್ರವೇ ಗಣನೆ ಮಾಡಲಿ ಎಂದು ಅವರು ಹೊರಟರು. ಅವರ ವಿದ್ಯಾರ್ಥಿನಿ ಮಿಶಾ ಮಾಹೊವಾಲ್ಡ್ ಸಿಲಿಕಾನ್ ಅಕ್ಷಿಪಟವನ್ನು ಕಟ್ಟಿದರು. 1991ರ ಹೊತ್ತಿಗೆ ಅದು ವಿಜ್ಞಾನಾಸಕ್ತ ಸಾಮಾನ್ಯ ಓದುಗರಿಗೂ ಪರಿಚಯವಾಗಿತ್ತು. ಆ ದಾರಿಯಲ್ಲಿ ಮುಂದುವರಿದ ಜ್ಯೂರಿಕ್‌ನ ಸಂಶೋಧಕರು, ಬೆಳಕು ಬದಲಾದಾಗ ಮಾತ್ರ ಪ್ರತಿ ಪಿಕ್ಸೆಲ್ ತಾನಾಗಿ ಸುದ್ದಿ ಕಳಿಸುವ, 128 × 128 ಪಿಕ್ಸೆಲ್‌ಗಳ, ಮಂದ ಬೆಳಕಿನಿಂದ ಪ್ರಖರ ಬೆಳಕಿನವರೆಗೆ 120 ಡೆಸಿಬೆಲ್ ವ್ಯಾಪ್ತಿಯ ಈವೆಂಟ್ ಕ್ಯಾಮೆರಾವನ್ನು ಪ್ರಕಟಿಸಿದ್ದು 2008ರಲ್ಲಿ. ನಡುವೆ ಹದಿನೇಳು ವರ್ಷ ಕಳೆದಿತ್ತು. ಇಂದು ಈ ಕ್ಷೇತ್ರದಿಂದ ಹೊರಬಂದು ಮಾರುಕಟ್ಟೆಯಲ್ಲಿ ನೆಲೆಯೂರಿರುವ ವಸ್ತುಗಳಲ್ಲಿ ಈ ಕ್ಯಾಮೆರಾ ಮುಖ್ಯವಾದುದು. ಯಾವ ಸಂಶೋಧನಾ ಅನುದಾನದ ಅವಧಿಯೂ ಹದಿನೇಳು ವರ್ಷ ಇರುವುದಿಲ್ಲ. ಇಲ್ಲಿ ವೃತ್ತಿ ಕಟ್ಟುವವರು ದೂರದ ಗುರಿಯನ್ನು ಬಿಡದೆ, ನಡುನಡುವೆ ತನ್ನಷ್ಟಕ್ಕೆ ತಾನೇ ಬೆಲೆಬಾಳುವ ಸಣ್ಣ ಫಲಿತಾಂಶಗಳನ್ನು ಕೊಡುತ್ತಾ ಹೋಗುವುದನ್ನು ಕಲಿಯಬೇಕಾಗುತ್ತದೆ.

ಎರಡನೆಯದು ಚಿಪ್ ಕೆಲಸದ ದಿನಚರಿ. ವಿನ್ಯಾಸವನ್ನು ಚಿಪ್ ತಯಾರಿಸುವ ಕಾರ್ಖಾನೆಯಾದ ಫ್ಯಾಬ್‌ಗೆ ಕಳಿಸುವ ಟೇಪ್-ಔಟ್ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ, ಅದು ನಿಮಗಾಗಿ ಕಾಯುವುದಿಲ್ಲ. ಕಳಿಸಿದ ಮೇಲೆ ಚಿಪ್ ಕೈಗೆ ಬರಲು ತಿಂಗಳುಗಳೇ ಬೇಕು. ಬಂದ ಚಿಪ್‌ನಲ್ಲಿ ಒಂದೇ ಅಳತೆಯ, ಸರ್ಕ್ಯೂಟನ್ನು ಕೆಲಸದ ಸ್ಥಿತಿಯಲ್ಲಿಡುವ ಒಂದೇ ಬಯಾಸ್ ವೋಲ್ಟೇಜ್ ಪಡೆಯುವ 256 ನರಕೋಶಗಳ ಸಾಲಿದೆ ಎಂದುಕೊಳ್ಳಿ. ಸಿಮ್ಯುಲೇಶನ್‌ನಲ್ಲಿ ಅವೆಲ್ಲ ಒಂದೇ ವೇಗದಲ್ಲಿ ಸ್ಪೈಕ್ ಕೊಟ್ಟಿದ್ದವು. ಮೇಜಿನ ಮೇಲೆ ಅಳೆದಾಗ ಒಂದು ಬೇಗ, ಇನ್ನೊಂದು ನಿಧಾನ, ಕೆಲವು ಸುಮ್ಮನೆ ಕುಳಿತಿರುತ್ತವೆ. ಥ್ರೆಶೋಲ್ಡಿನಲ್ಲಿ ಕೆಲವೇ ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಘಾತೀಯ ಸಂಬಂಧದಿಂದಾಗಿ ಅದು ಕರೆಂಟಿನಲ್ಲಿ ದೊಡ್ಡ ವ್ಯತ್ಯಾಸವಾಗಿ ತೋರುತ್ತದೆ. ಮಿತಶಕ್ತಿಯನ್ನು ಕೊಟ್ಟ ಗುಣವೇ ಈ ತೊಂದರೆಯನ್ನೂ ತಂದಿದೆ. ಪ್ರತಿ ನರಕೋಶಕ್ಕೂ ತಿದ್ದುಪಡಿ ಸರ್ಕ್ಯೂಟ್ ಹಾಕಿದರೆ ಜಾಗವೂ ವಿದ್ಯುತ್ತೂ ಖರ್ಚಾಗುತ್ತವೆ, ಹಾಕದಿದ್ದರೆ ಈ ಅಸಮತೆಯನ್ನು ತಾಳಿಕೊಳ್ಳುವ ಜಾಲವನ್ನು ಹುಡುಕಬೇಕು. ಒಳ್ಳೆಯ ಪಿಎಚ್.ಡಿ. ಪ್ರಬಂಧಗಳು ಹುಟ್ಟುವುದು ಈ ಇಕ್ಕಟ್ಟಿನಲ್ಲಿಯೇ. ಇದು ಬೇಸರ ತರಿಸುವ ಕೆಲಸವೆನಿಸಿದರೆ ಚಿಪ್ ಗುಂಪಿಗೆ ಹೋಗಬೇಡಿ. ಆ ಚದುರಿದ ಅಳತೆಗಳನ್ನು ನೋಡಿದಾಗ ಕುತೂಹಲ ಕೆರಳಿದರೆ ಖಂಡಿತ ಹೋಗಿ.

ಉದ್ಯೋಗದ ವಿಷಯದಲ್ಲಿ ಒಂದೇ ಮಾತು. ಯಾವ ವಿಭಾಗವೂ ನ್ಯೂರೋಮಾರ್ಫಿಕ್ ಎಂಬ ಹೆಸರಿನ ಪಾಠ ಮಾಡಿಸುವುದಕ್ಕೆಂದೇ ಹುದ್ದೆ ತೆರೆಯುವುದು ಅಪರೂಪ. ಅನಲಾಗ್ ವಿನ್ಯಾಸವೋ ಕಂಪ್ಯೂಟರ್ ಆರ್ಕಿಟೆಕ್ಚರೋ ಸಾಧನಗಳ ಭೌತಶಾಸ್ತ್ರವೋ, ಯಾವುದಾದರೊಂದು ನಿಮ್ಮ ಸ್ವಂತ ನೆಲೆಯಾಗಿರಬೇಕು. ಹಿರಿಯರನ್ನೇ ನೋಡಿ: ಮ್ಯಾಂಚೆಸ್ಟರ್‌ನಲ್ಲಿ 10 ಲಕ್ಷ ಪ್ರೊಸೆಸರ್ ಕೋರ್‌ಗಳ ಸ್ಪಿನ್ನೇಕರ್ ಯಂತ್ರವನ್ನು 2018ರಲ್ಲಿ ಪೂರ್ಣ ಪ್ರಮಾಣಕ್ಕೆ ತಂದ ಸ್ಟೀವ್ ಫರ್ಬರ್, ಅದಕ್ಕೂ ಬಹಳ ಹಿಂದೆ 1980ರ ದಶಕದಲ್ಲಿ ಮೊದಲ ಆರ್ಮ್ ಪ್ರೊಸೆಸರ್‌ನ ವಿನ್ಯಾಸಕರಲ್ಲಿ ಒಬ್ಬರಾಗಿದ್ದರು. ಹೈಡೆಲ್‌ಬರ್ಗ್‌ನಲ್ಲಿ ನ್ಯೂರೋಮಾರ್ಫಿಕ್ ಯಂತ್ರ ಕಟ್ಟುವ ಬ್ರೇನ್‌ಸ್ಕೇಲ್ಸ್ ಯೋಜನೆಯನ್ನು ಮುನ್ನಡೆಸಿದ ಕಾರ್ಲ್‌ಹೈನ್ಜ್ ಮೈಯರ್ ಕಣ ಭೌತಶಾಸ್ತ್ರದಿಂದ ಬಂದವರು. ಇಬ್ಬರೂ ತಮ್ಮ ಹಳೆಯ ವಿದ್ಯೆಯ ಬಲದಿಂದಲೇ ಇಲ್ಲಿ ದೊಡ್ಡದನ್ನು ಕಟ್ಟಿದರು.

ಉತ್ತರ
ಬರೆದವರು: ಸ್ಪೈಕ್ ಪಾಠಕಿ

ಅನಲಾಗ್ ಅಭ್ಯಾಸಿಯವರು ಹೇಳಿದ ಬಹುಪಾಲನ್ನು ಒಪ್ಪುತ್ತೇನೆ. ಆದರೆ ಅವರ ಬರಹವನ್ನು ಓದಿದವರಿಗೆ ಅಲ್ಗಾರಿದಮ್ ಕೆಲಸ ಸುಲಭದ ದಾರಿಯೆಂಬ ಭಾವನೆ ಬರಬಹುದು. ಅದು ಹಾಗಲ್ಲವೆಂದು ಹೇಳುವ ಹೊಣೆ ನನಗಿದೆ.

ಸ್ಪೈಕ್ ಎಂಬುದು ಇದೆ ಅಥವಾ ಇಲ್ಲ ಎಂಬ ಘಟನೆ. ಅದರ ಡೆರಿವೇಟಿವ್ (ಬದಲಾವಣೆಯ ದರ) ಥ್ರೆಶೋಲ್ಡ್‌ನಲ್ಲಿ ಅನಂತ, ಉಳಿದೆಲ್ಲ ಕಡೆ ಸೊನ್ನೆ. ಆದ್ದರಿಂದ ತಪ್ಪನ್ನು ಹಿಮ್ಮುಖವಾಗಿ ಲೆಕ್ಕ ಹಾಕಿ ಜಾಲವನ್ನು ತಿದ್ದುವ ಬ್ಯಾಕ್‌ಪ್ರೊಪಗೇಶನ್ ಎಂಬ ಯಂತ್ರಕಲಿಕೆಯ ಮುಖ್ಯ ಸಾಧನವೇ ಇಲ್ಲಿ ನೇರವಾಗಿ ಕೆಲಸ ಮಾಡುವುದಿಲ್ಲ. ಬಹುಕಾಲ ಜನರು ಸಾಮಾನ್ಯ ನರಜಾಲಕ್ಕೆ ತರಬೇತಿ ಕೊಟ್ಟು, ಆಮೇಲೆ ಅದನ್ನು ಸ್ಪೈಕಿಂಗ್ ಜಾಲವಾಗಿ ಪರಿವರ್ತಿಸುತ್ತಿದ್ದರು. ಒಂದು ಸಂಖ್ಯೆಯನ್ನು ಸ್ಪೈಕ್‌ಗಳ ವೇಗದಿಂದ ಸೂಚಿಸುವ ಆ ವಿಧಾನದಲ್ಲಿ ನಿಖರತೆ ಬೇಕೆಂದರೆ ಬಹಳ ಹೊತ್ತು ಎಣಿಸಬೇಕಾಗುತ್ತದೆ, ಎಣಿಸಿದಷ್ಟೂ ವಿದ್ಯುತ್ ಖರ್ಚಾಗುತ್ತದೆ. ಹಿಮ್ಮುಖ ಲೆಕ್ಕದಲ್ಲಿ ಮಾತ್ರ ಆ ಮೊನಚಾದ ಮೆಟ್ಟಿಲಿನ ಬದಲು ನಯವಾದ ವಕ್ರರೇಖೆಯೊಂದನ್ನು ಇಟ್ಟುಕೊಳ್ಳುವ ಸರೋಗೇಟ್ ಗ್ರೇಡಿಯೆಂಟ್ ವಿಧಾನವನ್ನು ನೆಫ್ಚಿ, ಮೊಸ್ತಫಾ ಮತ್ತು ಝೆಂಕೆ 2019ರ ಪ್ರಬಂಧದಲ್ಲಿ ಕ್ರೋಡೀಕರಿಸಿ ವಿವರಿಸಿದ ಮೇಲೆ ಈ ಕ್ಷೇತ್ರದ ಚಹರೆಯೇ ಬದಲಾಯಿತು. ಇಂದು ಸ್ಪೈಕಿಂಗ್ ಜಾಲಗಳಿಗೆಂದೇ ಬರೆದ ಮುಕ್ತ ಲೈಬ್ರರಿಗಳು ಹಲವಾರಿವೆ. ಒಬ್ಬ ವಿದ್ಯಾರ್ಥಿ ಫ್ಯಾಬ್‌ಗಾಗಿ ಕಾಯದೆ ತನ್ನ ಊಹೆಯನ್ನು ಬೇಗನೆ ಪರೀಕ್ಷಿಸಬಲ್ಲ.

ಈ ವೇಗವೇ ಅಪಾಯವೂ ಹೌದು. ನಿಂತ ಚಿತ್ರಗಳ ಡೇಟಾಸೆಟ್ಟೊಂದನ್ನು ತೆಗೆದುಕೊಂಡು, ಪಿಕ್ಸೆಲ್‌ಗಳನ್ನು ಬಲವಂತವಾಗಿ ಸ್ಪೈಕ್‌ಗಳನ್ನಾಗಿ ಮಾಡಿ, ಸಾಮಾನ್ಯ ನರಜಾಲಕ್ಕಿಂತ ತುಸು ಕಡಿಮೆ ನಿಖರತೆಯನ್ನು ತೋರಿಸಿ, ಕೊನೆಯಲ್ಲಿ ಶಕ್ತಿ ಉಳಿತಾಯದ ಕೋಷ್ಟಕವೊಂದನ್ನು ಸೇರಿಸುವ ಪ್ರಬಂಧಗಳು ರಾಶಿ ಬಿದ್ದಿವೆ. ಇಂತಹ ಪ್ರಬಂಧಗಳಿಂದ ಪ್ರಕಟಣೆಗಳ ಪಟ್ಟಿ ಉದ್ದವಾಗುತ್ತದೆಯೇ ಹೊರತು ವೃತ್ತಿಗೆ ಅಡಿಪಾಯ ಸಿಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಲೋಯಿಹಿ ಚಿಪ್ ಮೇಲೆ ನಡೆದ ಕೆಲಸಗಳನ್ನು ಒಟ್ಟುಗೂಡಿಸಿ ಇಂಟೆಲ್‌ನವರೇ 2021ರಲ್ಲಿ ಬರೆದ ಸಮೀಕ್ಷೆಯಲ್ಲಿ, ಸುದ್ದಿ ಒಂದೇ ದಿಕ್ಕಿನಲ್ಲಿ ಸಾಗುವ ಸಾಮಾನ್ಯ ಫೀಡ್‌ಫಾರ್ವರ್ಡ್ ಡೀಪ್ ಲರ್ನಿಂಗ್ ಜಾಲಗಳನ್ನು ಆ ಚಿಪ್‌ಗೆ ತಂದಾಗ ಲಾಭ ಅಲ್ಪ, ಕೆಲವೊಮ್ಮೆ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡಿದ್ದಾರೆ. ಕಾಲದೊಂದಿಗೆ ಬದಲಾಗುವ ಸ್ಥಿತಿಯನ್ನು ಹಿಡಿದಿಟ್ಟುಕೊಳ್ಳುವ, ಸ್ಪೈಕ್‌ಗಳ ನಿಖರ ಸಮಯವನ್ನು ಬಳಸುವ ಜಾಲಗಳಲ್ಲಿ ಮಾತ್ರ ಹತ್ತಾರು, ನೂರಾರು ಪಟ್ಟು ಸುಧಾರಣೆ ಕಂಡಿದೆ. ಇದು ನಿಮಗೆ ಸಿಗಬಹುದಾದ ಅತ್ಯಂತ ಪ್ರಾಮಾಣಿಕ ಮಾರ್ಗದರ್ಶನ. ಧ್ವನಿ, ಕಂಪನ, ಸ್ಪರ್ಶ, ಈವೆಂಟ್ ಕ್ಯಾಮೆರಾ, ದೇಹಕ್ಕೆ ಅಂಟಿಸಿದ ಸೆನ್ಸರ್‌ಗಳು ಹೀಗೆ ಕಾಲವೇ ಮುಖ್ಯವಾಗಿರುವ, ಬಹುಪಾಲು ಹೊತ್ತು ಏನೂ ನಡೆಯದಿರುವ ಸಂಕೇತಗಳನ್ನು ಆರಿಸಿಕೊಂಡ ಗುಂಪಾಗಿದ್ದರೆ ಅದು ಅಲ್ಗಾರಿದಮ್ ಗುಂಪಾದರೂ ಸರಿ, ಸೇರಿಕೊಳ್ಳಿ. ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಜಿಪಿಯು ಬೆನ್ನು ಹತ್ತಿರುವ ಗುಂಪಾಗಿದ್ದರೆ ಯೋಚಿಸಿ.

ಇನ್ನೊಂದು ವಿಷಯ. ಉದ್ಯೋಗದ ದೃಷ್ಟಿಯಿಂದ ಈ ಕಡೆಯ ತರಬೇತಿ ವಿಶ್ವವಿದ್ಯಾಲಯದ ಹೊರಗೂ ಸುಲಭವಾಗಿ ಸಲ್ಲುತ್ತದೆ. ಪೋಸ್ಟ್‌ಡಾಕ್ ಮುಗಿದ ಮೇಲೆ ಅಧ್ಯಾಪಕ ಹುದ್ದೆ ಸಿಗದಿದ್ದಾಗ ಈ ಕೌಶಲ ಕೈ ಹಿಡಿಯುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮರುಪ್ರಶ್ನೆ
ಬರೆದವರು: ಮಿತವಿದ್ಯುತ್

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಶಕ್ತಿ ಉಳಿತಾಯದ ಕೋಷ್ಟಕದ ಬಗ್ಗೆ ಮೇಡಂ ಹೇಳಿದ್ದನ್ನು ಇನ್ನಷ್ಟು ತಿಳಿಯಬೇಕೆನಿಸಿದೆ. ಪ್ರಬಂಧವೊಂದನ್ನು ಓದುವಾಗ ಆ ಕೋಷ್ಟಕ ನಂಬಲರ್ಹವೇ ಎಂದು ನನ್ನಂಥವನು ಪರೀಕ್ಷಿಸುವುದು ಹೇಗೆ? ಹಾಗೆಯೇ, ನರವಿಜ್ಞಾನವನ್ನು ಎಷ್ಟರಮಟ್ಟಿಗೆ ಓದಿಕೊಳ್ಳಬೇಕು? ನನಗೆ ಜೀವಶಾಸ್ತ್ರದ ಹಿನ್ನೆಲೆ ಇಲ್ಲವೆಂದೇ ಹೇಳಬೇಕು.

ಉತ್ತರ
ಬರೆದವರು: ನರತಂತು

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ನಾನು ನರವಿಜ್ಞಾನದ ಕಡೆಯವನು, ಎಂಜಿನಿಯರುಗಳ ಜೊತೆ ಕೆಲಸ ಮಾಡುತ್ತೇನೆ.

ಮಿದುಳಿನ ಬಗ್ಗೆ ಎಲ್ಲವನ್ನೂ ಓದಲು ಹೊರಟರೆ ಪಿಎಚ್.ಡಿ. ಅವಧಿ ಸಾಲದು. ಆದರೆ ಮಿದುಳಿನ ಶಕ್ತಿ ಎಲ್ಲಿ ಖರ್ಚಾಗುತ್ತದೆ ಎಂಬುದನ್ನಾದರೂ ಗಟ್ಟಿಯಾಗಿ ಓದಿಕೊಳ್ಳಲೇಬೇಕು. ಆಟ್‌ವೆಲ್ ಮತ್ತು ಲಾಫ್ಲಿನ್ 2001ರಲ್ಲಿ ಹಾಕಿದ ಲೆಕ್ಕವನ್ನು ಕೂತು ಸಾಲು ಸಾಲಾಗಿ ಬಿಡಿಸಿ. ಸ್ಪೈಕ್ ಒಂದು ಹಾದುಹೋದಾಗಲೂ ಸಿನಾಪ್ಸ್ ತೆರೆದುಕೊಂಡಾಗಲೂ ಕೋಶದೊಳಕ್ಕೆ ನುಗ್ಗಿದ ಸೋಡಿಯಂ ಅಯಾನುಗಳನ್ನು ಮತ್ತೆ ಹೊರದಬ್ಬುವ ಪಂಪುಗಳೇ ಶಕ್ತಿಯ ಬಹುದೊಡ್ಡ ಪಾಲನ್ನು ಕಬಳಿಸುತ್ತವೆ. ಅಂದರೆ ಮಿದುಳಿನಲ್ಲಿಯೂ ಸುದ್ದಿ ಸಾಗಿಸುವುದೇ ದುಬಾರಿ. ಪೀಟರ್ ಲೆನ್ನಿ 2003ರಲ್ಲಿ ತೋರಿಸಿದಂತೆ, ಲಭ್ಯವಿರುವ ಶಕ್ತಿಯಲ್ಲಿ ಮನುಷ್ಯನ ಮಿದುಳಿನ ಹೊರಪದರದ ಶೇ. 1ರಷ್ಟು ನರಕೋಶಗಳು ಮಾತ್ರ ಏಕಕಾಲಕ್ಕೆ ಚುರುಕಾಗಿರಬಲ್ಲವು. ಮಿದುಳು 20 ವ್ಯಾಟ್‌ನಲ್ಲಿ ನಡೆಯುವುದರ ಹಿಂದಿನ ಮುಖ್ಯ ಕಾರಣಗಳಲ್ಲಿ ಈ ಮಿತಭಾಷೆಯೂ ಒಂದು. ಸ್ಪೈಕ್ ಎಂಬ ಆಕಾರವನ್ನು ಮಾತ್ರ ನಕಲು ಮಾಡಿ, ಈ ವಿರಳತೆಯನ್ನು ಬಿಟ್ಟುಬಿಟ್ಟ ಜಾಲದಿಂದ ಮಿತವ್ಯಯವನ್ನು ನಿರೀಕ್ಷಿಸುವುದು ಸರಿಯಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎರಡು ನರಕೋಶಗಳ ಸ್ಪೈಕ್‌ಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಅವಲಂಬಿಸಿ ಸಿನಾಪ್ಸ್ ಬಲವಾಗುವ ಅಥವಾ ಕುಗ್ಗುವ ನಿಯಮವನ್ನು ಎಂಜಿನಿಯರುಗಳು ಬಹಳ ಮೆಚ್ಚುತ್ತಾರೆ. ಬೀ ಮತ್ತು ಪೂ 1998ರಲ್ಲಿ ಅದರ ಪ್ರಸಿದ್ಧ ವಕ್ರರೇಖೆಯನ್ನು ಅಳೆದದ್ದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಇಲಿಯ ನರಕೋಶಗಳಲ್ಲಿ. ಮಿದುಳಿನ ಕಲಿಕೆಯೆಲ್ಲ ಆ ಒಂದು ರೇಖೆಯಲ್ಲಿ ಅಡಗಿದೆ ಎಂದು ಭಾವಿಸಿ ಐದು ವರ್ಷವನ್ನು ಅದಕ್ಕೆ ಮುಡಿಪಾಗಿಡಬೇಡಿ. ಕೋಶಮಟ್ಟದ ನರಶರೀರಕ್ರಿಯಾಶಾಸ್ತ್ರದ ಒಂದು ಕೋರ್ಸನ್ನು ಪರೀಕ್ಷೆ ಬರೆಯುವಷ್ಟು ಶ್ರದ್ಧೆಯಿಂದ ಮಾಡಿ. ಅಮೆರಿಕದ ಕೊಲೊರಾಡೋದಲ್ಲಿನ ಟೆಲುರೈಡ್ ಎಂಬ ಪರ್ವತ ಪಟ್ಟಣದಲ್ಲಿ 1990ರ ದಶಕದ ಮಧ್ಯದಿಂದ ನಡೆದುಬಂದಿರುವ ನ್ಯೂರೋಮಾರ್ಫಿಕ್ ಕಾರ್ಯಾಗಾರದಂಥ ಕಡೆ ಹೋಗಲು ಅವಕಾಶ ಸಿಕ್ಕರೆ ಬಿಡಬೇಡಿ. ನರವಿಜ್ಞಾನಿಗಳೂ ಚಿಪ್ ವಿನ್ಯಾಸಕರೂ ಒಂದೇ ಮೇಜಿನಲ್ಲಿ ಕೂತು ಯಂತ್ರ ಕಟ್ಟುವ ಅಂಥ ಜಾಗಗಳು ಕಡಿಮೆ.

ಉತ್ತರ
ಬರೆದವರು: ಅನಲಾಗ್ ಅಭ್ಯಾಸಿ

ಕೋಷ್ಟಕದ ಪ್ರಶ್ನೆ ಬಹಳ ಮುಖ್ಯವಾದುದು, ಆದ್ದರಿಂದ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ.

ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ 45 ನ್ಯಾನೋಮೀಟರ್ ತಂತ್ರಜ್ಞಾನಕ್ಕೆ ಕೊಟ್ಟ ಅಂದಾಜುಗಳನ್ನು ಈ ಕ್ಷೇತ್ರದವರೆಲ್ಲ ಬಳಸುತ್ತಾರೆ. 32 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ) ಗುಣಾಕಾರಕ್ಕೆ 3.7 ಪಿಕೋಜೌಲ್ (ಪಿಕೋಜೌಲ್ ಎಂದರೆ ಜೌಲ್‌ನ ಲಕ್ಷ ಕೋಟಿಯ ಒಂದು ಪಾಲು), ಸಂಕಲನಕ್ಕೆ 0.9 ಪಿಕೋಜೌಲ್. ಸಾಮಾನ್ಯ ನರಜಾಲದಲ್ಲಿ ಪ್ರತಿ ಸಿನಾಪ್ಸ್‌ಗೆ ಒಂದು ಗುಣಾಕಾರ, ಒಂದು ಸಂಕಲನ ಸೇರಿ 4.6 ಆಗುತ್ತದೆ. ಸ್ಪೈಕಿಂಗ್ ಜಾಲದಲ್ಲಿ ಗುಣಾಕಾರವಿಲ್ಲ, ಸ್ಪೈಕ್ ಬಂದಾಗ ಸಂಕಲನ ಮಾತ್ರ. ಎಂಟು ಕಾಲಹೆಜ್ಜೆಗಳಲ್ಲಿ ಜಾಲ ನಡೆದು, ಪ್ರತಿ ಹೆಜ್ಜೆಯಲ್ಲಿ ಶೇ. 20ರಷ್ಟು ನರಕೋಶಗಳು ಸ್ಪೈಕ್ ಕೊಟ್ಟರೆ ಸಿನಾಪ್ಸ್ ಒಂದಕ್ಕೆ ಸರಾಸರಿ 1.6 ಸಂಕಲನ, ಅಂದರೆ 1.44 ಪಿಕೋಜೌಲ್. ಮೂರು ಪಟ್ಟು ಉಳಿತಾಯವೆಂದು ಕೋಷ್ಟಕ ಸಾರುತ್ತದೆ.

ಈಗ ಬಿಟ್ಟುಹೋದದ್ದನ್ನು ಸೇರಿಸೋಣ. ಮಿತಶಕ್ತಿಯ ಸಾಧನದಲ್ಲಿ ಯಾರೂ ಸಾಮಾನ್ಯ ನರಜಾಲವನ್ನು 32 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ನಡೆಸುವುದಿಲ್ಲ, 8 ಬಿಟ್ ಪೂರ್ಣಾಂಕಗಳಲ್ಲಿ ನಡೆಸುತ್ತಾರೆ. ಅದೇ ಅಂದಾಜಿನಂತೆ 8 ಬಿಟ್ ಗುಣಾಕಾರಕ್ಕೆ 0.2, ಮೊತ್ತವನ್ನು ಕೂಡಿಡುವ 32 ಬಿಟ್ ಸಂಕಲನಕ್ಕೆ 0.1, ಒಟ್ಟು 0.3 ಪಿಕೋಜೌಲ್. ಸ್ಪೈಕಿಂಗ್ ಜಾಲಕ್ಕೂ ಅದೇ ಪೂರ್ಣಾಂಕದ ರಿಯಾಯಿತಿ ಕೊಟ್ಟರೆ 1.6 ಸಂಕಲನಕ್ಕೆ 0.16. ಇನ್ನು ಸಿನಾಪ್ಸ್‌ನ ತೂಕವನ್ನು, ಅಂದರೆ ಅದರ ಬಲವನ್ನು ಸೂಚಿಸುವ ಸಂಖ್ಯೆಯನ್ನು, ಮೆಮೊರಿಯಿಂದ ಓದಬೇಕಲ್ಲ. 8 ಕಿಲೋಬೈಟ್‌ನ, ಚಿಪ್‌ನೊಳಗಿನ ಸಣ್ಣ ಮೆಮೊರಿಯಾದ ಎಸ್‌ರ‍್ಯಾಮ್‌ನಿಂದ 64 ಬಿಟ್ ಓದಲು 10 ಪಿಕೋಜೌಲ್ ಎಂದರೆ 8 ಬಿಟ್‌ನ ಒಂದು ತೂಕಕ್ಕೆ 1.25 ಬರುತ್ತದೆ. ಸಾಮಾನ್ಯ ಜಾಲ ಅದನ್ನು ಒಮ್ಮೆ ಓದುತ್ತದೆ, ಒಟ್ಟು 1.55. ಸ್ಪೈಕಿಂಗ್ ಜಾಲ ಸರಾಸರಿ 1.6 ಬಾರಿ ಓದುತ್ತದೆ, ಒಟ್ಟು 2.16. ಮೂರು ಪಟ್ಟು ಗೆದ್ದಿದ್ದ ಜಾಲ ಈಗ ಸೋತಿದೆ. ಪ್ರತಿ ಹೆಜ್ಜೆಯಲ್ಲೂ ನರಕೋಶದ ಸ್ಥಿತಿಯನ್ನು ಓದಿ ಬರೆಯುವ ಖರ್ಚನ್ನು ನಾನಿನ್ನೂ ಸೇರಿಸಿಲ್ಲ. ತೂಕಗಳು ಚಿಪ್‌ನ ಹೊರಗಿನ ಮೆಮೊರಿಯಾದ ಡಿರ‍್ಯಾಮ್‌ನಲ್ಲಿದ್ದರಂತೂ 32 ಬಿಟ್ ಓದಲು 640 ಪಿಕೋಜೌಲ್ ಬೇಕು. ಆಗ ಅಂಕಗಣಿತದ ಉಳಿತಾಯಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದನ್ನು ನೋಡಿ ಕ್ಷೇತ್ರವನ್ನೇ ಬಿಡಬೇಕೆಂದುಕೊಳ್ಳಬೇಡಿ. ಶೇ. 20ರ ಜಾಗದಲ್ಲಿ ಶೇ. 2ನ್ನು ಇಟ್ಟು ಅದೇ ಲೆಕ್ಕ ಮಾಡಿ. ಸ್ಪೈಕಿಂಗ್ ಜಾಲದ ಖರ್ಚು ಸುಮಾರು 0.22 ಪಿಕೋಜೌಲ್‌ಗೆ ಇಳಿದು, ಏಳು ಪಟ್ಟು ಗೆಲುವು ಸಿಗುತ್ತದೆ. ನರತಂತು ಅವರು ಹೇಳಿದ ವಿರಳತೆ ಇಲ್ಲಿ ಅಂಕಿಗಳಲ್ಲಿ ಕಾಣುತ್ತದೆ. ಮೆಮೊರಿಯನ್ನು ಗಣನೆಯ ಜಾಗದಲ್ಲಿಯೇ ಇಡುವ ಮೆಮ್ರಿಸ್ಟರ್‌ನಂಥ ಸಾಧನಗಳ ಬಗ್ಗೆ ಇಷ್ಟು ಜನ ತಲೆ ಕೆಡಿಸಿಕೊಂಡಿರುವುದೂ ಆ 1.25ನ್ನು ಕೆಳಗಿಳಿಸುವುದಕ್ಕಾಗಿಯೇ. ಲಿಯಾನ್ ಚುವಾ 1971ರಲ್ಲಿ ಗಣಿತದಿಂದ ಊಹಿಸಿದ ಆ ಸಾಧನವನ್ನು ಕಂಡಿದ್ದೇವೆಂದು ಎಚ್‌ಪಿ ಪ್ರಯೋಗಾಲಯದವರು 2008ರಲ್ಲಿ ಪ್ರಕಟಿಸಿದ ಮೇಲೆ ಸಾಧನಗಳ ಭೌತಶಾಸ್ತ್ರದವರಿಗೂ ಇಲ್ಲಿ ವಿಶಾಲವಾದ ಜಾಗ ತೆರೆದುಕೊಂಡಿತು. ಆದರೆ ಅಲ್ಲಿಯೂ ಅನಲಾಗ್ ಮೊತ್ತವನ್ನು ಡಿಜಿಟಲ್‌ಗೆ ಬದಲಿಸುವ ಪರಿವರ್ತಕಗಳ ಖರ್ಚನ್ನು ಲೆಕ್ಕಕ್ಕೆ ತಂದಿದ್ದಾರೆಯೇ ಎಂದು ನೋಡಬೇಕು.

ಚಿಪ್ ಅಳತೆಗಳನ್ನು ಓದುವಾಗಲೂ ಇದೇ ಶಿಸ್ತು ಬೇಕು. ಬೋರ್ಡಿನ ಮೇಲೆ ಚಿಪ್‌ನ ಕೋರ್‌ಗೆ ಒಂದು, ಇನ್‌ಪುಟ್-ಔಟ್‌ಪುಟ್ ಭಾಗಕ್ಕೆ ಒಂದು, ಬಯಾಸ್‌ಗೆ ಒಂದು ಹೀಗೆ ಬೇರೆ ಬೇರೆ ವಿದ್ಯುತ್ ಸರಬರಾಜು ಇರುತ್ತದೆ. ಪ್ರತಿಯೊಂದರ ದಾರಿಯಲ್ಲಿ ಒಂದು ಸಣ್ಣ ರೆಸಿಸ್ಟರ್ ಇಟ್ಟು, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆದು ಕರೆಂಟನ್ನು ತಿಳಿಯುತ್ತೇವೆ. ಕೋರ್‌ನ ಅಳತೆಯನ್ನು ಮಾತ್ರ ಬರೆದರೆ ಅಂಕಿ ಬಹಳ ಸುಂದರವಾಗಿರುತ್ತದೆ. ಪಕ್ಕದಲ್ಲಿ ಕೂತು ಚಿಪ್‌ಗೆ ಸ್ಪೈಕ್‌ಗಳನ್ನು ಊಡಿಸುವ ಎಫ್‌ಪಿಜಿಎ (ಬೇಕಾದಂತೆ ಸರ್ಕ್ಯೂಟನ್ನು ಬದಲಿಸಿಕೊಳ್ಳಬಹುದಾದ ಚಿಪ್) ಮಾತ್ರ ಚಿಪ್‌ಗಿಂತ ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ ನುಂಗುತ್ತಿರುತ್ತದೆ. ಸಂಶೋಧನೆಯ ಹಂತದಲ್ಲಿ ಅದು ತಪ್ಪಲ್ಲ, ಅದನ್ನು ಹೇಳದಿರುವುದು ತಪ್ಪು. ಜಾಲ ಸುಮ್ಮನಿದ್ದಾಗಲೂ ಸೋರಿಹೋಗುವ ವಿದ್ಯುತ್ (ಲೀಕೇಜ್) ಎಷ್ಟು, ಕೆಲಸ ಮಾಡುವಾಗ ಎಷ್ಟು ಎಂದು ಬೇರೆಬೇರೆಯಾಗಿ ಕೊಟ್ಟಿರಬೇಕು. ಬಹುಪಾಲು ಹೊತ್ತು ಮೌನವಾಗಿರುವ ಸೆನ್ಸರ್‌ಗೆ ಆ ಮೊದಲನೆಯ ಅಂಕಿಯೇ ಬ್ಯಾಟರಿಯ ಆಯುಸ್ಸನ್ನು ನಿರ್ಧರಿಸುತ್ತದೆ. ಈಗೀಗ ನ್ಯೂರೋಬೆಂಚ್ ಎಂಬ ಸಾಮೂಹಿಕ ಪ್ರಯತ್ನದಲ್ಲಿ ಹಲವು ಸಂಸ್ಥೆಗಳ ಸಂಶೋಧಕರು ಸೇರಿ ಹೋಲಿಕೆಯ ನಿಯಮಗಳನ್ನು ರೂಪಿಸುತ್ತಿದ್ದಾರೆ. ಅದರಲ್ಲಿ ಭಾಗಿಯಾಗಿರುವ ಗುಂಪನ್ನು ನಾನು ಹೆಚ್ಚು ನಂಬುತ್ತೇನೆ.

ಆದ್ದರಿಂದ ಚಿಪ್ ಗುಂಪೋ ಅಲ್ಗಾರಿದಮ್ ಗುಂಪೋ ಎಂಬುದಕ್ಕಿಂತ, ಆ ಗುಂಪು ಈ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮಾಡುತ್ತದೆಯೇ ಎಂಬುದನ್ನು ನೋಡಿ ನಿರ್ಧರಿಸಿ ಎಂದು ನನ್ನ ಸಲಹೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಎರಡೂ ಕಡೆಯ ಹಿರಿಯ ವಿದ್ಯಾರ್ಥಿಗಳ ಜೊತೆ ಮಾತನಾಡಿ. ಚಿಪ್ ಗುಂಪಿನವರನ್ನು ಅವರ ಹಿಂದಿನ ಚಿಪ್‌ನ ಅಳತೆಯ ಬೋರ್ಡನ್ನು ತೋರಿಸಲು ಕೇಳಿ, ವಿದ್ಯುತ್ತನ್ನು ಯಾವ ಬಿಂದುಗಳಲ್ಲಿ ಅಳೆದರೆಂದು ಬೆರಳಿಟ್ಟು ತೋರಿಸಲಿ. ಅಲ್ಗಾರಿದಮ್ ಗುಂಪಿನವರನ್ನು ಅವರ ಇತ್ತೀಚಿನ ಪ್ರಬಂಧದ ಜಾಲದಲ್ಲಿ ಪ್ರತಿ ಹೆಜ್ಜೆಗೆ ಶೇಕಡಾ ಎಷ್ಟು ನರಕೋಶಗಳು ಸ್ಪೈಕ್ ಕೊಡುತ್ತವೆ, ತೂಕಗಳನ್ನು ಎಲ್ಲಿಂದ ಓದಿದಂತೆ ಲೆಕ್ಕ ಹಾಕಿದ್ದಾರೆ ಎಂದು ಕೇಳಿ. ತಡವರಿಸದೆ ಉತ್ತರಿಸಿದ ಗುಂಪನ್ನು ಸೇರಿ. ಇಬ್ಬರೂ ಚೆನ್ನಾಗಿ ಉತ್ತರಿಸಿದರೆ ಇಲ್ಲಿ ಬಂದು ತಿಳಿಸಿ, ಮುಂದಿನದನ್ನು ಕೂತು ಯೋಚಿಸೋಣ.